ಕಾರ್ಡಿನಲ್ಲಿ ಕಾಣೆಯಾದ ನೂರು ಗ್ರಾಂ

ಓಣಿಯವರೆಲ್ಲ ಅವಳನ್ನು ಕಾಜಕ್ಕ ಎಂದೇ ಕರೆಯುತ್ತಿದ್ದರು. ಟೈಲರ್ ಅಂಗಡಿಯಿಂದ ಬರುವ ಬಟ್ಟೆಗಳಿಗೆ ಕಾಜಾ ಹೊಲಿದು, ಗುಂಡಿ ಹಾಕಿ ಕೊಡುವುದು ಅವಳ ಕೆಲಸ. ಬಸುರಿಯಾಗಿದ್ದಾಗ ಎಂಟನೆಯ ತಿಂಗಳವರೆಗೂ ಆ ಕೆಲಸ ಬಿಡಲಿಲ್ಲ. ಕಾಲು ಊದಿಕೊಂಡ ದಿನ ಮಾತ್ರ ಸ್ಟೂಲಿನ ಮೇಲೆ ಕಾಲು ಚಾಚಿ ಕೂತು ಗುಂಡಿ ಹಾಕುತ್ತಿದ್ದಳು. ಹೇಳಿದ ಮಾತ್ರೆಯನ್ನಾಗಲಿ, ಹೇಳಿದ ದಿನದ ರಕ್ತಪರೀಕ್ಷೆಯನ್ನಾಗಲಿ ಒಮ್ಮೆಯೂ ತಪ್ಪಿಸಲಿಲ್ಲ. ಹೆರಿಗೆಯೂ ಸುಸೂತ್ರವಾಗಿ ಆಯಿತು. ಇಷ್ಟೆಲ್ಲ ಸರಿಯಾಗಿ ಮಾಡಿದವಳು, ಮಗುವಿಗೆ ಮೂರೂವರೆ ತಿಂಗಳಾದಾಗ ಆರೋಗ್ಯ ಕೇಂದ್ರದ ತಕ್ಕಡಿಯ ಮುಂದೆ ತಪ್ಪು ಮಾಡಿದವಳ ಹಾಗೆ ನಿಲ್ಲಬೇಕಾಯಿತು.

"ಹೋದ ತಿಂಗಳು ಐದು ಕೆಜಿ ಆರುನೂರು. ಈಗ ಐದೂವರೆ," ಎಂದರು ನರ್ಸಮ್ಮ, ಕಾರ್ಡಿನಿಂದ ತಲೆ ಎತ್ತದೆ. "ನೂರು ಗ್ರಾಂ ಇಳಿದಿದೆಯಲ್ಲಮ್ಮ. ಹಾಲು ಸಾಕಾಗ್ತಿದೆಯಾ?"

"ಸಾಕಾಗ್ತಿದೆ ಸಿಸ್ಟರ್. ದಿನಕ್ಕೆ ಏಳೆಂಟು ಸಲ ಒದ್ದೆ ಮಾಡ್ತಾಳೆ. ಕೈಕಾಲು ಬಡಿದು ಚೆನ್ನಾಗಿ ಆಡ್ತಾಳೆ."

"ಆಡೋದನ್ನೆಲ್ಲ ಕಾರ್ಡಲ್ಲಿ ಬರೆಯೋಕಾಗಲ್ಲ. ಮುಂದಿನ ವಾರ ಡಾಕ್ಟರು ಬರ್ತಾರೆ, ತೋರಿಸಿ. ಹ್ಞಾಂ, ಯಾರು ಮುಂದಿನವರು?"

ಅದು ಮಂಗಳವಾರ. ಸಂಜೆಯೊಳಗೆ ಅವಳ ಅತ್ತೆ ಹಾಲಿನ ಪುಡಿಯ ಡಬ್ಬಿಯೊಂದನ್ನು ತಂದು, ಅಡುಗೆಮನೆಯ ಶೆಲ್ಫಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಟ್ಟರು.

"ನನ್ನ ಮಗನಿಗೆ ಎರಡನೇ ತಿಂಗಳಿಗೇ ಬಾಟ್ಲಿ ಹಿಡಿಸಿದ್ದೆ. ಈಗ ನೋಡು, ಬಾಗಿಲಿಗೆ ತಲೆ ತಾಗುತ್ತೆ."

"ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಕೊಡಬೇಡಿ ಅಂತ ಆರೋಗ್ಯ ಕೇಂದ್ರದಲ್ಲೇ ಹೇಳಿದ್ದಾರೆ ಅತ್ತೆ."

"ತೂಕ ಇಳಿದಿದೆ ಅಂತ ಬರೆದುಕೊಟ್ಟಿದ್ದೂ ಅಲ್ಲೇ ಅಲ್ವಾ?"

ಶಾಲೆಯ ವ್ಯಾನು ಓಡಿಸುವ ಗಂಡ ಚಪ್ಪಲಿ ಬಿಡುತ್ತಲೇ ಎರಡೂ ಕಡೆಯ ಮಾತು ಕೇಳಿಸಿಕೊಂಡ. "ಅಮ್ಮ ಹೇಳೋದೂ ಸರಿ, ನೀನು ಹೇಳೋದೂ ಸರಿ," ಎಂದ.

"ಹಾಗಾದ್ರೆ ತಪ್ಪು ಯಾರದು ರೀ? ಮಗೂದಾ?"

ಅವನು ಕೈಕಾಲು ತೊಳೆಯುವ ನೆಪ ಮಾಡಿಕೊಂಡು ಬಚ್ಚಲಿಗೆ ನುಸುಳಿದ. "ಭಾನುವಾರದವರೆಗೆ ಸುಮ್ಮನಿರ್ತೀನಿ," ಎಂದರು ಅತ್ತೆ. "ಆಮೇಲೆ ಡಬ್ಬಿ ತೆಗೆಯೋದೇ. ನನ್ನ ಮೊಮ್ಮಗಳು ಸೊರಗೋದನ್ನ ನೋಡ್ತಾ ಕೂರೋಕೆ ನನ್ನಿಂದಾಗಲ್ಲ."

ಬಾಟಲಿ ಶುರುವಾದರೆ ಮಗು ಎದೆಗೆ ಬರುವುದು ಕಡಿಮೆಯಾಗುತ್ತದೆ, ಮಗು ಕುಡಿಯುವುದು ಕಡಿಮೆಯಾದರೆ ಹಾಲೂ ಕಡಿಮೆಯಾಗುತ್ತದೆ ಎಂದು ಹೆರಿಗೆ ವಾರ್ಡಿನಲ್ಲಿ ಹೇಳಿಕೊಟ್ಟಿದ್ದರು. ಹಾಗಾಗಿ ಅವಳು ಗಂಟೆಗೊಮ್ಮೆ ಮಗುವನ್ನು ಎದೆಗೆ ಹಚ್ಚತೊಡಗಿದಳು. ಹೊಟ್ಟೆ ತುಂಬಿದ ಮಗು ಮುಖ ತಿರುಗಿಸಿಕೊಂಡರೆ, ಹಾಲೇ ಇಲ್ಲವೇನೋ ಎಂದು ಹೆದರಿದಳು. ಪಕ್ಕದ ಮನೆಯಾಕೆ ಬಂದು ಮಗುವಿನ ತೊಡೆ ಹಿಚುಕಿ ನೋಡಿ "ಪಾಪ" ಎಂದಳು. ಆ ಮಾತಿಗೆ ಕಾಜಕ್ಕನ ಮೈಯೆಲ್ಲ ಉರಿದುಹೋಯಿತು. ಮೂರು ತಿಂಗಳು ತನ್ನ ಮೈಯನ್ನು ನಂಬಿದ್ದವಳು ಮೂರೇ ದಿನದಲ್ಲಿ ಅದರ ಮೇಲೆ ಅನುಮಾನಪಡುವಂತಾಗಿತ್ತು.

ಶುಕ್ರವಾರ ಟೈಲರ್ ಒಂದು ಕೋಟು ಹಿಡಿದುಕೊಂಡು ಬಂದ. "ಗುಂಡಿ ಎಲ್ಲ ಕಿತ್ತು ಎರಡಿಂಚು ಒಳಗೆ ಹಾಕಿಕೊಡಮ್ಮ. ಸಡಿಲ ಆಯ್ತು ಅಂತ ಗಿರಾಕಿ ಬೈದು ಮುಖಕ್ಕೆಸೆದು ಹೋದ. ಸ್ವೆಟರ್ ಬಿಚ್ಚಿಸದೆ ಅಳತೆ ತಗೊಂಡುಬಿಟ್ಟಿದ್ದೆ, ನನ್ನ ಬುದ್ಧಿಗಿಷ್ಟು."

ಕೋಟಿನ ಮೊದಲ ಗುಂಡಿ ಕೀಳುತ್ತಿದ್ದ ಕಾಜಕ್ಕನ ಕತ್ತರಿ ಅಲ್ಲೇ ನಿಂತಿತು.

ಹೋದ ತಿಂಗಳು ತೂಗಿದ ದಿನ ಥಂಡಿಯಿತ್ತು. ಕೋಟಿನ ಉಳಿಕೆ ಬಟ್ಟೆಗೆ ಹತ್ತಿ ತುಂಬಿ, ಏಳು ದೊಡ್ಡ ಮರದ ಗುಂಡಿ ಹಾಕಿ ಮಗುವಿಗೊಂದು ಚೀಲ ಹೊಲಿದಿದ್ದಳು. ಮಗುವಿನ ಮುಖ ಮಾತ್ರ ಹೊರಗೆ ಕಾಣುತ್ತಿತ್ತು. ಅಂದು ಬೇರೊಬ್ಬ ನರ್ಸು ಇದ್ದರು. ಗುಂಡಿಗೆ ಕೈ ಹಾಕಿದ ಅವರನ್ನು ತಡೆದವಳು ಅವಳೇ. "ಹಾಗೇ ತೂಗಿಬಿಡಿ ಸಿಸ್ಟರ್, ಚಳಿ." ನಿಜ ಹೇಳಬೇಕೆಂದರೆ ಚಳಿಯೊಂದೇ ಕಾರಣವಲ್ಲ. ಸಾಲಿನಲ್ಲಿದ್ದ ಹೆಂಗಸರೆಲ್ಲ ಆ ಚೀಲವನ್ನು ಇನ್ನಷ್ಟು ಹೊತ್ತು ನೋಡಲಿ ಎಂಬ ಆಸೆಯೂ ಇತ್ತು. ಈ ಮಂಗಳವಾರ ಮಾತ್ರ ಮಗುವನ್ನು ಬರಿಮೈಯಲ್ಲಿ ತೂಗಿದ್ದರು.

ಅಂದು ಮಗುವಿಗೆ ತೊಡಿಸಿದ್ದ ಚೀಲ, ಸ್ವೆಟರ್, ಟೋಪಿ, ಕಾಲುಚೀಲ ಎಲ್ಲವನ್ನೂ ಒಟ್ಟು ಮಾಡಿಕೊಂಡು ಮೂಲೆಯ ದಿನಸಿ ಅಂಗಡಿಗೆ ಓಡಿದಳು.

"ಏನಕ್ಕಾ, ಬಟ್ಟೇನೂ ಕೆಜಿ ಲೆಕ್ಕದಲ್ಲಿ ಮಾರೋಕೆ ಶುರು ಮಾಡಿದ್ಯಾ?" ಎಂದು ಅಂಗಡಿಯವನು ನಕ್ಕ.

"ನೀನು ತೂಗಪ್ಪ ಮೊದಲು."

ಸರಿಯಾಗಿ ಆರುನೂರು ಗ್ರಾಂ. ಅಂದರೆ ಹೋದ ತಿಂಗಳು ಮಗು ಇದ್ದದ್ದು ಐದೇ ಕೆಜಿ.

ಶನಿವಾರ ಬೆಳಗ್ಗೆಯೇ ಕೇಂದ್ರಕ್ಕೆ ಹೋಗಿ ಬಟ್ಟೆಯ ತೂಕದ ವಿಷಯ ಹೇಳಿದಳು.

"ನನ್ನ ಮೇಲೆ ಹಾಕಬೇಡಮ್ಮ. ಹೋದ ಸಲ ನಾನಿರಲಿಲ್ಲ," ಎಂದರು ನರ್ಸಮ್ಮ.

"ನಿಮ್ಮ ಮೇಲೆ ಹಾಕ್ತಿಲ್ಲ ಸಿಸ್ಟರ್. ಬಿಚ್ಚಬೇಡಿ ಅಂದಿದ್ದು ನಾನೇ. ಕಾರ್ಡು ತಿದ್ದಿಕೊಡಿ, ಸಾಕು."

"ಬರೆದಿದ್ದನ್ನ ತಿದ್ದೋ ಹಾಗಿಲ್ಲ. ಡಾಕ್ಟರು ಬಂದಾಗ ಹೇಳು."

"ಡಾಕ್ಟರು ಬರೋದರೊಳಗೆ ಮನೇಲಿ ಡಬ್ಬಿ ತೆಗೀತಾರೆ."

ಹಿಂದಿನಿಂದ ಯಾರೋ "ಬೇಗ ಬೇಗ" ಎಂದು ಗೊಣಗಿದರು. ಗಟ್ಟಿಯಾಗಿ ಮಾತಾಡುವುದು ಕಾಜಕ್ಕನಿಗೆ ಅಭ್ಯಾಸವಿಲ್ಲ. ಆದರೂ ಜಾಗ ಬಿಟ್ಟು ಕದಲಲಿಲ್ಲ. ಮಗುವಿಗೆ ಎಲ್ಲವನ್ನೂ ತೊಡಿಸಿ, ಏಳೂ ಗುಂಡಿ ಹಾಕಿ, ತಾನೇ ತಕ್ಕಡಿಯ ಮೇಲೆ ಮಲಗಿಸಿದಳು. ಆರು ಕೆಜಿ ನೂರ ಐವತ್ತು. ಆಮೇಲೆ ಎಲ್ಲವನ್ನೂ ಬಿಚ್ಚಿ ಮಲಗಿಸಿದಳು. ಐದು ಕೆಜಿ ಐನೂರ ಐವತ್ತು.

ನರ್ಸಮ್ಮ ಎರಡು ಸಲ ಮುಳ್ಳು ನೋಡಿದರು. ಹಳೆಯ ಅಂಕಿಯನ್ನು ಮುಟ್ಟದೆ, ಅದರ ಪಕ್ಕದಲ್ಲಿ 'ಬಟ್ಟೆ ಸಮೇತ, ಬಟ್ಟೆ ಆರುನೂರು ಗ್ರಾಂ' ಎಂದು ಬರೆದು ಸಹಿ ಹಾಕಿದರು. "ಚೆನ್ನಾಗೇ ಏರಿದೆ. ಎದೆಹಾಲೇ ಕೊಡು. ಅಲ್ಲಮ್ಮ, ಮಂಗಳವಾರವೇ ಇದನ್ನ ಹೇಳೋಕೇನಾಗಿತ್ತು ನಿಂಗೆ?"

ಮನೆಯಲ್ಲಿ ಅತ್ತೆ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು, ತುಟಿಯಲ್ಲೇ ಲೆಕ್ಕ ಹಾಕಿದರು. "ಐದರಿಂದ ಐದೂವರೆ. ಅರ್ಧ ಕೆಜಿ ಏರಿದೆಯಲ್ಲೇ!"

"ಹ್ಞೂಂ."

"ಮತ್ತೆ ನಾಲ್ಕು ದಿನದಿಂದ ಸುಮ್ಮನೆ ನನ್ನ ಕೈಲಿ ಬೈಸಿಕೊಂಡು ಓಡಾಡಿದೆಯಲ್ಲ. ಬಾಯಿಬಿಟ್ಟು ಹೇಳಬಾರದಿತ್ತಾ?"

ಕಾಜಕ್ಕನ ಬಾಯಿಗೆ ನಾಲ್ಕೈದು ಮಾತು ಒಟ್ಟಿಗೇ ಬಂದವು. ಮಗು ಹಸಿದು ಅವಳ ಭುಜ ಚೀಪುತ್ತಿತ್ತು. ಹಾಲು ಮೊದಲು, ಜಗಳ ಆಮೇಲೆ ಎಂದುಕೊಂಡು ಗೋಡೆಗೊರಗಿ ಕೂತಳು. ಅತ್ತೆ ಶೆಲ್ಫಿನ ಡಬ್ಬಿಯನ್ನು ಸೆರಗಿನಲ್ಲಿ ಒರೆಸಿ, ಅಂಗಡಿಯವನು ವಾಪಸು ತೆಗೆದುಕೊಳ್ಳುತ್ತಾನೋ ಇಲ್ಲವೋ ಎಂದು ಗೊಣಗುತ್ತ ಮೆಟ್ಟಿಲಿಳಿದು ಹೋದರು.