ಏಳು ತಾಸಿನ ಸದುಪಯೋಗ

ವಿಮಾನ ಇಳಿದು ಫೋನ್ ಹಚ್ಚಿದ್ದೇ ತಡ, ಅದು ನನಗೆ ಉಪದೇಶ ಶುರು ಮಾಡಿತು. ನಿಮ್ಮ ಮುಂದಿನ ವಿಮಾನಕ್ಕೆ ಐದು ತಾಸು ಬಿಡುವಿದೆ, ಹೈದರಾಬಾದಿನಲ್ಲಿ ನೋಡಲೇಬೇಕಾದ ಹತ್ತು ಜಾಗಗಳು ಇಲ್ಲಿವೆ, ಸಮಯದ ಸದುಪಯೋಗ ಮಾಡಿಕೊಳ್ಳಿ ಎಂದು. ತುಂಗಭದ್ರಾ ಡ್ಯಾಮಿನ ಕಾಲುವೆ ಕಚೇರಿಯಲ್ಲಿ ಒಂದೇ ಕುರ್ಚಿಯ ಮೇಲೆ ಮೂವತ್ತು ವರ್ಷ ಕಳೆದವನಿಗೆ ಐದು ತಾಸಿನ ಚಿಂತೆ ಹಚ್ಚುವ ಈ ಜಾಣತನಕ್ಕೆ ಏನನ್ನೋಣ ಹೇಳಿ. ಹತ್ತು ಜಾಗ, ಐದು ತಾಸು. ಒಂದೊಂದಕ್ಕೆ ಅರ್ಧ ತಾಸು. ಚಪ್ಪಲಿ ಬಿಡುವುದು, ಮತ್ತೆ ಹುಡುಕಿ ಹಾಕಿಕೊಳ್ಳುವುದು ಎಲ್ಲ ಅದರಲ್ಲೇ ಬಂತು.

ಇಂಥ ಸದುಪಯೋಗಿಗಳು ನನಗೇನೂ ಹೊಸಬರಲ್ಲ. ನಮ್ಮ ಹೊಸಪೇಟೆಯಲ್ಲಿ ಬೆಳಗಿನ ರೈಲಿಗೆ ಇಳಿದು ಸಂಜೆಯ ರೈಲಿಗೆ ಹತ್ತುವವರನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ನಡುವೆ ಹಂಪಿ ಮುಗಿಸಿರುತ್ತಾರೆ. ‘ಮುಗಿಸಿದೆವು’ ಎಂಬುದು ಅವರದೇ ಮಾತು. ತಲೆತಲಾಂತರ ಕಟ್ಟಿದ್ದನ್ನು ನಾಲ್ಕು ತಾಸಿನಲ್ಲಿ ಮುಗಿಸಿ, ಕೋತಿಗೊಂದು ಬಾಳೆಹಣ್ಣು ಕೊಟ್ಟು, ಬಿಸಿಲನ್ನು ಬೈದು ಹೋಗುತ್ತಾರೆ. ಒಬ್ಬ ಮಹಾಶಯರು ಬಸ್ಸಿನಲ್ಲಿ ನನ್ನ ಪಕ್ಕ ಕೂತು, ನಿಮ್ಮ ಕಡೆ ಕಲ್ಲು ಬಿಟ್ಟರೆ ಬೇರೇನಿದೆ ಎಂದು ಕೇಳಿದ್ದರು. ಡ್ಯಾಮ್ ಇದೆ, ಅದರಲ್ಲಿ ನೀರಿದೆ ಎಂದೆ. ಅವರು ಅದನ್ನು ಬರೆದುಕೊಂಡರು.

ನಗಬೇಡಿ, ಆ ಗುಂಪಿನಲ್ಲಿ ನನ್ನ ಸಣ್ಣತ್ತೆ ಶಾಂತಮ್ಮನೂ ಒಬ್ಬಳು. ಹೈದರಾಬಾದಿನಲ್ಲಿ ಸಂಸಾರ ಹೂಡಿದ್ದ ಆಕೆ ಒಮ್ಮೆ ಗಂಡನ ಆಫೀಸಿನ ಸಾಹೇಬರ ಮನೆಯವರಿಗೆ ಹಂಪಿ ತೋರಿಸಲು ಬಂದು, ಅದೇ ದಿನ ಹೊರಟುಹೋದಳು. ಅಲ್ಲಿಂದ ಮುಂದೆ ಒಂದಿಷ್ಟು ದೂರದ ಕಂಪ್ಲಿಯಲ್ಲಿ ಆಕೆಯ ಅಕ್ಕ, ನನ್ನ ದೊಡ್ಡತ್ತೆ ಈರಮ್ಮ, ಅಕ್ಕಿ ಗಿರಣಿಯ ಮನೆಯ ಯಜಮಾನಿ. ನಮ್ಮ ಕಡೆ ಊರ ಮಗ್ಗುಲಿಗೆ ಬಂದು ಮನೆಗೆ ಬಾರದೆ ಹೋಗುವುದೆಂದರೆ ಬಾಗಿಲಿಗೆ ಉಗುಳಿ ಹೋದಂತೆ. ಸುದ್ದಿ ಮುಟ್ಟಿದ ದಿನವೇ ದೊಡ್ಡತ್ತೆ, ಇನ್ನು ಶಾಂತಿಯ ಮನೆಯ ನೀರೂ ಮುಟ್ಟುವುದಿಲ್ಲ ಎಂದಳು. ಹದಿನೆಂಟು ವರ್ಷ ಮುಟ್ಟಲಿಲ್ಲ. ಮದುವೆ ಮುಂಜಿಗಳಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ಕೂತು, ಒಬ್ಬರ ಸಂಗತಿಯನ್ನು ಇನ್ನೊಬ್ಬರು ನನ್ನ ಬಾಯಿಂದ ಕೇಳುತ್ತಿದ್ದರು.

ಮೂರು ವರ್ಷದ ಹಿಂದೆ ದೊಡ್ಡತ್ತೆಗೆ ಕಾಶಿಗೆ ಹೋಗುವ ಮನಸ್ಸಾಯಿತು. ಜೊತೆಗೆ ನಾನು. ತೋರಣಗಲ್ಲಿನ ಹತ್ತಿರದ ಪುಟ್ಟ ವಿಮಾನ ನಿಲ್ದಾಣದಿಂದ ಹೈದರಾಬಾದ್, ಅಲ್ಲಿ ಏಳು ತಾಸು ಕಾಯ್ದು ಕಾಶಿ. ಆ ಏಳು ತಾಸಿಗಾಗಿ ನಾನು, ಸದುಪಯೋಗಿಗಳನ್ನು ಜನ್ಮವಿಡೀ ಹಂಗಿಸಿದವನು, ಒಂದು ಹಾಳೆಯಲ್ಲಿ ಪಟ್ಟಿ ಬರೆದುಕೊಂಡಿದ್ದೆ. ಚಾರ್ಮಿನಾರ್ ಮೊದಲನೆಯದು. ಆಚಾರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಅಂತಾರಲ್ಲ, ಹಾಗೆ.

ವಿಮಾನ ನಿಲ್ದಾಣದಲ್ಲಿ ದೊಡ್ಡತ್ತೆಗೆ ಒಂದೂ ಹಿಡಿಸಲಿಲ್ಲ. ಕಾಫಿ ಕಹಿ, ಕುರ್ಚಿ ತಣ್ಣಗೆ, ಕಕ್ಕಸಿನ ನೀರು ತಾನಾಗಿ ಬರುತ್ತದೆ, ತಾನಾಗಿ ನಿಲ್ಲುತ್ತದೆ, ಇದ್ಯಾವ ದರ್ಬಾರು. ಎಲ್ಲಕ್ಕೂ ಮೂಗು ಮುರಿದಾದ ಮೇಲೆ ನನ್ನ ಕಡೆ ನೋಡದೆ ಕೇಳಿದಳು:

“ಶಾಂತಿ ಮನಿ ಎಷ್ಟ್ ದೂರ ಐತಿ?”

ಊರಿನ ಆಚೆ ತುದಿ ಎಂದೆ.

“ಆಕಿ ಹಂಗ ಹಾದು ಹೋಗಾಕಿ. ನಾ ಅಲ್ಲ. ನಡಿ.”

ನನ್ನ ಪಟ್ಟಿ ಜೇಬಿನಲ್ಲೇ ಉಳಿಯಿತು. ಟ್ಯಾಕ್ಸಿಯಲ್ಲಿ ಒಂದೂವರೆ ತಾಸು, ಮೂರನೇ ಮಹಡಿ. ಬಾಗಿಲು ತೆಗೆದ ಸಣ್ಣತ್ತೆ ಸೆರಗಿನಿಂದ ಕುರ್ಚಿ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ದೊಡ್ಡತ್ತೆ ಕೂತು, ಗೋಡೆಯ ಬಣ್ಣ ಸರಿಯಿಲ್ಲ ಎಂದಳು. ಕಿಟಕಿ ಸಣ್ಣದು ಎಂದಳು. ಸಣ್ಣತ್ತೆ ಎಲ್ಲಕ್ಕೂ ಹೌದಕ್ಕಾ ಎಂದಳು. ಆಮೇಲೆ ದೊಡ್ಡತ್ತೆ ತನ್ನ ಚೀಲದಿಂದ, ಕಾಶಿಯಲ್ಲಿ ಬೇಯಿಸಿಕೊಳ್ಳಲು ತಂದಿದ್ದ ಕಂಪ್ಲಿ ಅಕ್ಕಿಯ ಗಂಟು ತೆಗೆದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಳು.

“ಇಲ್ಲೀ ಅಕ್ಕಿ ನನಗ ಸೇರಾದಿಲ್ಲ. ಇದನ್ನ ಇಡು.”

ನಮ್ಮ ಕಡೆ ಕ್ಷಮೆ ಕೇಳುವ, ಕ್ಷಮಿಸಿದೆ ಎನ್ನುವ ಪದ್ಧತಿಯಿಲ್ಲ. ಜಗಳವಾದವರ ಮನೆಯಲ್ಲಿ ಊಟದ ತಾಟಿಗೆ ಕೈಯಿಟ್ಟರೆ ಮುಗಿಯಿತು, ಆಮೇಲೆ ಯಾರೂ ಹಳೆಯದನ್ನು ಎತ್ತುವಂತಿಲ್ಲ. ಅಕ್ಕಿ ಇಡು ಎಂದರೆ ಉಣ್ಣುತ್ತೇನೆ ಎಂದರ್ಥ. ಸಣ್ಣತ್ತೆಗೆ ಅದು ತಕ್ಷಣ ತಿಳಿಯಿತು. ಗಂಟು ಬಿಚ್ಚಿ, ಅಕ್ಕಿ ತೊಳೆದು ಕುಕ್ಕರ್ ಇಟ್ಟಳು. ನಾನು ಗಿರಣಿ ಮನೆಯ ಅನ್ನ ಉಂಡು ಬೆಳೆದವನು, ಎಲ್ಲ ಕಣ್ಣಾರೆ ನೋಡಿದವನು. ನನ್ನ ತಲೆಯಲ್ಲಿ ಚಾರ್ಮಿನಾರ್ ಇತ್ತು.

ಕುಕ್ಕರ್ ಎರಡು ಸಲ ಕೂಗಿತ್ತು. ಅಕ್ಕತಂಗಿಯರು ಅಡುಗೆಮನೆಯಲ್ಲಿ ಸಣ್ಣ ದನಿಯಲ್ಲಿ ಏನೋ ಮಾತಾಡತೊಡಗಿದ್ದರು. ನಾನು ಹೋಗಿ, ಅತ್ತಿ ಏಳ್ರಿ, ಟೈಮಾತು, ವಿಮಾನ ತಪ್ತೈತಿ ಎಂದೆ. ಸುಳ್ಳು. ಹೊತ್ತು ಬೇಕಾದಷ್ಟಿತ್ತು. ಸಣ್ಣತ್ತೆ, ಹತ್ತು ನಿಮಿಷ ತಮ್ಮಾ, ಹತ್ತು ನಿಮಿಷ ಎಂದಳು. ಗಡಿಯಾರ ನೋಡಲು ಬಾರದ ದೊಡ್ಡತ್ತೆ ಓದಿದ ಸೋದರಳಿಯನ ಮಾತು ನಂಬಿ ಎದ್ದಳು.

ಚಾರ್ಮಿನಾರನ್ನು ನೋಡಿದೆವು. ವಾಹನಗಳ ಗದ್ದಲದಲ್ಲಿ ಟ್ಯಾಕ್ಸಿಯ ಗಾಜಿನೊಳಗಿಂದ, ಎರಡು ಕಂಬ. ಉಳಿದೆರಡು ಒಂದು ಬಸ್ಸಿನ ಹಿಂದಿದ್ದವು. ನಾನು ತೆಗೆದ ಫೋಟೋದಲ್ಲಿ ನನ್ನ ಹೆಬ್ಬೆರಳು ಚೆನ್ನಾಗಿ ಬಂದಿದೆ. ನಿಲ್ದಾಣಕ್ಕೆ ಮರಳಿ ಕೂತ ಮೇಲೆ ದೊಡ್ಡತ್ತೆ ಪಕ್ಕದ ಹೆಂಗಸನ್ನು ತೆಲುಗಿನಲ್ಲಿ ಏನೋ ಕೇಳಿ, ನನ್ನ ಕಡೆ ತಿರುಗಿದಳು.

“ಇನ್ನಾ ಎರಡು ತಾಸು ಐತಂತಲ್ಲೋ.”

ಕಾಶಿಯಲ್ಲಿ ನಾಲ್ಕು ದಿನ ನನ್ನ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡಿದಳು. ಸಣ್ಣತ್ತೆ ಅವತ್ತಿನ ಆ ಅನ್ನವನ್ನು ಯಾರಿಗೂ ಬಡಿಸಲಿಲ್ಲವಂತೆ. ಅಕ್ಕ ಉಣ್ಣದೆ ಎದ್ದಳು ಎಂದರೆ ಸಿಟ್ಟು ಹೋಗಿಲ್ಲ ಎಂದೇ ತಿಳಿದಳು. ದೊಡ್ಡತ್ತೆಗೋ, ಒಮ್ಮೆ ಬಂದದ್ದಾಯಿತು, ಇನ್ನು ತಾನಾಗಿ ಹೇಗೆ ಹೋಗುವುದು ಎಂಬ ಬಿಗುಮಾನ. ನಾನು ಇಬ್ಬರ ಮುಂದೆಯೂ ತಪ್ಪು ಒಪ್ಪಿಕೊಳ್ಳದೆ ಮೂರು ವರ್ಷ ತಪ್ಪಿಸಿಕೊಂಡು ತಿರುಗಿದೆ. ನನ್ನಂಥ ಹೇಡಿಯನ್ನು ಹಂಪಿಯ ಕೋತಿಗಳೂ ಮಾತಾಡಿಸಲಿಕ್ಕಿಲ್ಲ.

ಇವತ್ತು ಫೋನು ಆ ಹತ್ತು ಜಾಗ ತೋರಿಸಿದಾಗ ಮೊದಲು ಸಣ್ಣತ್ತೆಗೆ ಹಚ್ಚಿದೆ. ಅವತ್ತು ಹೊತ್ತಿತ್ತು, ನಾನು ಸುಳ್ಳು ಹೇಳಿ ಎಬ್ಬಿಸಿದೆ ಎಂದೆ. ಈಗ ಮನೆಗೆ ಬರಲೇ ಎಂದು ಕೇಳಿದೆ.

“ಒಬ್ನ ಬರಬ್ಯಾಡ. ಅಕ್ಕನ್ನ ಕರಕೊಂಡು ಬಾ,” ಎಂದು ಫೋನ್ ಇಟ್ಟುಬಿಟ್ಟಳು.

ಕಂಪ್ಲಿಗೆ ಹಚ್ಚಿದೆ. ಅದೇ ಮಾತನ್ನು ಇನ್ನೊಮ್ಮೆ ಹೇಳಿದೆ, ಬೈಸಿಕೊಂಡೆ, ಬೈಗುಳಕ್ಕೆ ನಾನು ಅರ್ಹನೂ ಆಗಿದ್ದೆ. ಕೊನೆಗೆ, ಬರೋ ವಾರ ಸಣ್ಣತ್ತೆ ಮನೆಗೆ ಹೋಗೋಣವೇ ಎಂದೆ.

“ಎಷ್ಟ್ ತಾಸಿಗೆ?” ಎಂದಳು ದೊಡ್ಡತ್ತೆ.

ಎರಡು ಟಿಕೆಟ್ ತೆಗೆಸಿದೆ, ಹೈದರಾಬಾದಿನವರೆಗೆ ಮಾತ್ರ. ಮರಳುವ ದಿನ ಯಾವುದು ಎಂದು ಫೋನು ಕೇಳಿತು. ಆ ಜಾಗ ಖಾಲಿ ಬಿಟ್ಟೆ.