ತುದಿಯಲ್ಲಿ ತಿರುಗಿ ನಿಂತವನು

ನಮ್ಮ ಸೋದರತ್ತೆಗೆ ಗಂಡನ ಮುಖವೇ ಗೊತ್ತಿರಲಿಲ್ಲ. ನಗಬೇಡಿ, ನಿಜ. ಹನ್ನೊಂದನೇ ವಯಸ್ಸಿಗೆ ಧಾರೆಯಾದಾಗ, ತಲೆ ಎತ್ತಿದರೆ ಅವಳಜ್ಜಿ ತೊಡೆ ಚಿವುಟುತ್ತಿದ್ದಳಂತೆ. ಅವಳು ಮೈನೆರೆದು ಗಂಡನ ಮನೆ ಸೇರುವ ಮೊದಲೇ ಅವನು ಬರ್ಮಾ ಕಡೆ ಯುದ್ಧಕ್ಕೆ ಹೋದ. ಬಂದದ್ದು ಸಾವಿನ ಸುದ್ದಿ, ಜೊತೆಗೊಂದು ಫೋಟೋ. ಟೋಪಿ ಹಾಕಿದ ಹನ್ನೆರಡು ಜನ, ಒಂದೊಂದು ಮುಖವೂ ಹುಣಸೆ ಬೀಜದಷ್ಟು. ಕಣ್ಣಿಗೆ ಪೊರೆ ಬಂದಿದ್ದ ಅವಳ ಅತ್ತೆ ಅದನ್ನು ಮೂಗಿನ ಹತ್ತಿರ ಹಿಡಿದು, ನಡುವೆ ನಿಂತವನ ಮೇಲೆ ಬೆರಳಿಟ್ಟು, "ಇವ್ನೇ ನನ್ ಮಗ" ಅಂದಳು. ಅಲ್ಲಿಗೆ ಮುಗಿಯಿತು.

ಆಮೇಲೆ ಗಂಡನ ಮನೆಯಿಂದ ಗುಮ್ಮಳಾಪುರದ ನಮ್ಮ ಮನೆಗೆ ವಾಪಸು ಬಂದಾಗ ಸೋದರತ್ತೆ ತಂದದ್ದು ಆ ಫೋಟೋ ಒಂದೇ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ನಡುವಿನವನಿಗೆ ಗಂಧದ ಬೊಟ್ಟು, ಎಲೆ ತುಂಬ ಊಟ, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಗಂಡಸು ಅಂದಮೇಲೆ ಬೀಡಿ ಸೇದದೆ ಇರುತ್ತಾನೆಯೇ ಎಂಬುದು ಅವಳ ಲೆಕ್ಕ. ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕೂರುತ್ತಿದ್ದೆವು. ನಾನು ಸಂದಿಯಲ್ಲಿ ಇಣುಕುತ್ತಿದ್ದೆ. ಸಾಂಬ್ರಾಣಿ ಹೊಗೆಯಲ್ಲಿ ಫೋಟೋದವರೆಲ್ಲ ಮೆಲ್ಲಗೆ ಉಸಿರಾಡಿದಂತೆ ಕಾಣುತ್ತಿತ್ತು. ತುದಿಯವನಿಗೆ ಮಾತ್ರ ಮುಖವಿರಲಿಲ್ಲ, ಬರೀ ಒಂದು ಮಸುಕು ಕಲೆ.

ಎಂಬತ್ತನೇ ಇಸವಿಯ ಆಸುಪಾಸಿನ ಒಂದು ಮಹಾಲಯ ಅಮಾವಾಸ್ಯೆ. ಮಗನಿಗೆ ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸವಾಗಿ ಕೋಲಾರದ ಕಡೆಯಿಂದ ಬಂದು ನೆಲೆಸಿದ್ದ ಮುದುಕರೊಬ್ಬರು ಹಸು ನೋಡಲು ನಮ್ಮಲ್ಲಿಗೆ ಬಂದರು. ಹಬ್ಬದ ದಿನ, ಅಪ್ಪ ಊಟಕ್ಕೆ ನಿಲ್ಲಿಸಿಕೊಂಡ. ಒಳಗೆ ಬಂದವರು ಫೋಟೋದ ಮುಂದೆ ನಿಂತೇಬಿಟ್ಟರು.

"ಇದೇನವ್ವಾ, ನಂಗೆ ಎಡೆ ಇಕ್ಕಿದ್ದೀರಾ? ಇವ್ನು ನಾನು ಕಣವ್ವ!"

ಸೋದರತ್ತೆ ಸೌಟು ಹಿಡಿದೇ ಬಂದು, ಹಾಗಾದರೆ ನಮ್ಮೋರು ಯಾರು ಅಂದಳು. ಗಂಡನ ಹೆಸರನ್ನು ಅವಳು ಬಾಯಲ್ಲಿ ಹೇಳುವಂತಿಲ್ಲ, ಅಪ್ಪ ಹೇಳಿದ. ಮುದುಕರು ತುದಿಯ ಕಲೆಯ ಮೇಲೆ ಬೆರಳಿಟ್ಟರು.

"ಇವ್ನು. ಫೋಟೋ ತೆಗ್ಯೋ ಹೊತ್ಗೆ ಹಿಂದ್ಗಡೆ ಯಾರೋ ನಮ್ ಕನ್ನಡ ಮಾತಾಡ್ದಂಗಾಯ್ತು. ನಮ್ಮೂರೋರು ಬಂದವ್ರೆ ಕಣ್ಲಾ ಅಂತ ತಿರುಗ್ಬುಟ್ಟ. ಯಾರೂ ಇರ್ಲಿಲ್ಲ."

"ಅಯ್ಯೋ ಶಿವನೇ, ಇಷ್ಟು ವರ್ಷ ಅವ್ರು ಹಸ್ಕೊಂಡೇ ಹೋದ್ರಾ?" ಸೋದರತ್ತೆ ಗೋಡೆಗೊರಗಿ ಅತ್ತಳು. ಸತ್ತ ಸುದ್ದಿ ಬಂದಾಗಲೂ ಹಾಗೆ ಅತ್ತಿರಲಿಲ್ಲವಂತೆ. ಆಮೇಲೆ ಮೂಗು ಒರೆಸಿಕೊಂಡು ಸಿಟ್ಟಿನಲ್ಲಿ, "ನನ್ ಎಡೆಯೆಲ್ಲ ಉಂಡು ಗುಂಡುಕಲ್ಲಂಗವ್ನೆ ನೋಡು ಈ ಅಣ್ಣ!" ಅಂದಳು.

ಮುದುಕರು ನಗುತ್ತಲೇ ಕಣ್ಣೊರೆಸಿಕೊಂಡರು. "ಬೀಡೀನೂ ನಂದೇ ಕಣವ್ವ. ಅವ್ನು ಸೇದ್ತಿರ್ಲಿಲ್ಲ, ಅವನ್ ಪಾಲಿಂದೂ ನಂಗೇ ಕೊಡೋನು. ಹುರಿಗಡ್ಲೆ ಬೆಲ್ಲ ಸಿಕ್ರೆ ಮಾತ್ರ ಯಾರ್ಗೂ ಕೊಡ್ತಿರ್ಲಿಲ್ಲ."

ಮರು ವರ್ಷ ಎಲೆಯ ಪಕ್ಕ ಹುರಿಗಡಲೆ, ಬೆಲ್ಲ ಬಂತು. ಗಂಧದ ಬೊಟ್ಟು ತುದಿಗೆ ಹೋಯಿತು. ಬಾಗಿಲು ಮುಂದೆ ಮಾಡಿದಾಗ ಸೋದರತ್ತೆ ಹೊರಗೆ ಬರಲಿಲ್ಲ. ಸಂದಿಯಲ್ಲಿ ನೋಡಿದೆ. ಹೊಗೆಯ ನಡುವೆ ಫೋಟೋದ ಹತ್ತಿರ ಕೂತು, ಬಲು ಮೆಲ್ಲಗೆ, "ಇತ್ತಗೆ ತಿರುಗಿ ನೋಡಿ," ಅನ್ನುತ್ತಿದ್ದಳು. "ನಾನೇ ಕರೀತಿರೋದು."