ಪೆನ್ನು ತೆಗೀದ ಸೂಪರ್‌ವೈಸರ್

ಕುರೆಕುಪ್ಪದ ಹತ್ರ ನಾ ಕೆಲಸಕ್ಕಿದ್ದ ಸಣ್ಣ ಪೈಪ್ ಫ್ಯಾಕ್ಟರಿಗೆ ಒಬ್ರು ಸೂಪರ್‌ವೈಸರ್ ಇದ್ರು. ಜೇಬಿನ ತುಂಬ ಪೆನ್ನು, ಒಂದರ ಮುಚ್ಚಳಾನೂ ತೆಗೆದದ್ದು ಯಾರೂ ಕಂಡಿಲ್ಲ. ರಜಾ ಕೇಳಿದ್ರ ಮೀಸಿ ತೀಡ್ಕೋತ ಇಂಗ್ಲಿಷ್ ಪಾಠ ಸುರು ಮಾಡೋರು: "ನೋಡಪಾ, ಪರ್ಮಿಟ್ ಅಂದ್ರ ನನ್ನ ಸಹಿ. ಅಲೋ ಅಂದ್ರ ನನ್ನ ಬಾಯಿಮಾತು. ಲೆಟ್ ಅಂದ್ರ ನೀ ಹೋಗಿದ್ದು ನಾ ನೋಡೇ ಇಲ್ಲ."

ಒಂದಿನ ನಾ ಎಮ್ಮಿಗನೂರಿಗೆ ಹೆಣ್ಣು ನೋಡಾಕ ಹೋಗ್ಬೇಕಿತ್ತು. ನನ್ನಂಥ ಮುಖ ನೋಡಾಕ ಅವರು ಒಪ್ಪಿದ್ದೇ ದೊಡ್ಡದು, ತಡ ಆದ್ರ ಬ್ಯಾರೆ ವರ ಕರಿಯಾಕ ತಯಾರಿದ್ರು. "ಅಲೋ ಮಾಡೀನಿ, ಹೋಗು," ಅಂದ್ರು ಸೂಪರ್‌ವೈಸರ್. ರಾಜನಂಗ ಗೇಟಿಗೆ ಹೋದೆ. ಹೊಸ ಸೆಕ್ಯುರಿಟಿಯವ ಅಡ್ಡ ನಿಂತು, "ಸಹಿ ಎಲ್ಲೈತಿ?" ಅಂದ.

ಫೋನ್ ಹಚ್ಚಿದೆ. ಸೂಪರ್‌ವೈಸರ್ ಬಂದ್ರು, ಪೆನ್ನು ಮಾತ್ರ ಮುಟ್ಟಲಿಲ್ಲ. ಸೆಕ್ಯುರಿಟಿಯವನ ಹೆಗಲ ಮ್ಯಾಲ ಕೈ ಹಾಕಿ, ಅವನ ಬೆನ್ನು ಗೇಟಿಗೆ ತಿರುಗಿಸಿ, ಊರ್‍ಯಾವುದು, ಭತ್ತ ಹೆಂಗೈತಿ ಅಂತ ವಿಚಾರಿಸಾಕ ಹತ್ತಿದ್ರು. ನಾ ಸುಮ್ನ ಜಾರ್ಕೋಬೇಕಿತ್ತು. ಆದ್ರ ನನ್ನ ಸಂಸ್ಕಾರ ಬಿಡ್ಬೇಕಲ್ಲ. ಗೇಟಿನ ನಡುವ ನಿಂತು, "ಭಾಳ ಉಪಕಾರ ಆತ್ರಿ ಸರ್," ಅಂತ ಒದರಿದೆ.

ಇಬ್ರೂ ತಿರುಗಿದ್ರು. ಸೂಪರ್‌ವೈಸರ್ ನನ್ನ ಅಡಿಯಿಂದ ಮುಡಿತನಕ ನೋಡಿ, "ಯಾರಿವ? ಕಂಡಕಂಡವರನ್ನ ಒಳಗ ಬಿಟ್ಕೊಂಡೀಯಲ್ಲಪಾ. ಮೊದ್ಲು ಹೊರಗ ಹಾಕು," ಅಂದ್ರು.

ಸೆಕ್ಯುರಿಟಿಯವ ನನ್ನ ಕುತ್ತಿಗಿ ಹಿಡಿದು ರೋಡಿನ ತನಕ ದಬ್ಬಿದ. ಎಮ್ಮಿಗನೂರಿಗೆ ಹೋಗೋ ಕಂಪ್ಲಿ ಬಸ್ ಇನ್ನೂ ನಿಂತಿತ್ತು, ಕಿಟಕಿ ಸೀಟೇ ಸಿಕ್ತು.